ತನ್ನ ಮಳೆಗೇ ಬಲಿಯಾಗುವ ಮೋಡ

ಹತ್ತು ಚದರ ಕಿಲೋಮೀಟರ್ ನೆಲದ ಮೇಲೆ ಒಂದು ಸೆಂಟಿಮೀಟರ್ ಮಳೆ ಸುರಿಯಿತೆಂದುಕೊಳ್ಳೋಣ. ಅದು ಭಾರಿ ಮಳೆಯೇನೂ ಅಲ್ಲ; ಸಂಜೆಯ ಒಂದು ಗುಡುಗು ಮಳೆ ಅಷ್ಟನ್ನು ಸುಲಭವಾಗಿ ಸುರಿಸಿ ಹೋಗುತ್ತದೆ. ಆ ನೀರಿನ ತೂಕ ಒಂದು ಲಕ್ಷ ಟನ್, ಅಂದರೆ ಹತ್ತು ಕೋಟಿ ಕಿಲೋಗ್ರಾಂ. ಆವಿಯಾಗಿದ್ದ ನೀರು ಮತ್ತೆ ಹನಿಯಾಗುವಾಗ ಪ್ರತಿ ಕಿಲೋಗ್ರಾಮಿಗೆ ಸುಮಾರು 25 ಲಕ್ಷ ಜೌಲ್ ಶಾಖ ಹೊರಬೀಳುತ್ತದೆ. ಎರಡನ್ನೂ ಗುಣಿಸಿದರೆ ಬರುವ ಮೊತ್ತ ಹಿರೊಷಿಮಾದ ಮೇಲೆ ಬಿದ್ದ ಬಾಂಬಿನ ಶಕ್ತಿಯ ಸುಮಾರು ನಾಲ್ಕು ಪಟ್ಟು. ಇಂಥ ಹೋಲಿಕೆಗಳು ಜನಪ್ರಿಯ ವಿಜ್ಞಾನ ಬರಹಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತವೆ. ಓದುಗರು ಬೆರಗಾಗುತ್ತಾರೆ, ಬರಹ ಅಲ್ಲಿಗೇ ಮುಗಿಯುತ್ತದೆ. ನನಗೆ ಮಾತ್ರ ಪ್ರಶ್ನೆ ಶುರುವಾಗುವುದೇ ಆ ಲೆಕ್ಕ ಮುಗಿದ ಮೇಲೆ. ಇಡೀ ರಾತ್ರಿ ಸದ್ದಿಲ್ಲದೆ ಜಿನುಗುವ ಸೋನೆಮಳೆಯೂ ಅಷ್ಟೇ ನೀರನ್ನು ಸುರಿಸಿದರೆ ಅಷ್ಟೇ ಶಾಖವನ್ನು ಬಿಡುಗಡೆ ಮಾಡಿರುತ್ತದೆ, ಬೆಳಗ್ಗೆ ಎದ್ದು ನೋಡಿದರೆ ಒಂದು ರೆಂಬೆಯೂ ಮುರಿದಿರುವುದಿಲ್ಲ. ಒಂದೇ ಬಂಡವಾಳ ಒಂದು ಕಡೆ ಸೋನೆಯಾಗಿ, ಇನ್ನೊಂದು ಕಡೆ ಚಾವಣಿ ಹಾರಿಸುವ ಬಿರುಗಾಳಿಯಾಗಿ ಖರ್ಚಾಗುವುದು ಹೇಗೆ? ಹವಾಮಾನ ವಿಜ್ಞಾನದಲ್ಲಿ ನನ್ನನ್ನು ಬಹುಕಾಲದಿಂದ ಹಿಡಿದಿಟ್ಟಿರುವ ಪ್ರಶ್ನೆ ಇದು. ಬಿರುಗಾಳಿಯ ಉಗ್ರತೆಯನ್ನು ಶಕ್ತಿಯ ಪ್ರಮಾಣಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಆ ಶಕ್ತಿ ಯಾವ ಜೋಡಣೆಯಲ್ಲಿ ಬಳಕೆಯಾಗುತ್ತದೆ ಎಂಬುದು ಎನ್ನುವ ತೀರ್ಮಾನಕ್ಕೆ ಈಗ ಬಂದಿದ್ದೇನೆ.

ಗಾಳಿ ಮೇಲೇರುವುದು ಏಕೆ ಎಂಬಲ್ಲಿಂದ ಆರಂಭಿಸಬೇಕು. ತೇವ ತುಂಬಿದ ಗಾಳಿ ಒಣ ಗಾಳಿಗಿಂತ ಭಾರ ಎಂದು ಬಹಳ ಮಂದಿ ಭಾವಿಸಿರುತ್ತಾರೆ. ಸೆಕೆಯ ದಿನ ಮೈಮೇಲೆ ಏನೋ ಹೇರಿದಂತೆ ಅನ್ನಿಸುವುದು ಅದಕ್ಕೆ ಕಾರಣವಿರಬಹುದು. ವಾಸ್ತವ ಅದಕ್ಕೆ ತದ್ವಿರುದ್ಧ. ನೀರಿನ ಅಣುಭಾರ 18, ಸಾರಜನಕದ್ದು 28, ಆಮ್ಲಜನಕದ್ದು 32. ಹೀಗಾಗಿ ಒಂದೇ ಉಷ್ಣತೆ ಮತ್ತು ಒತ್ತಡದಲ್ಲಿ ನೀರಾವಿ ಸೇರಿದಷ್ಟೂ ಗಾಳಿ ಹಗುರವಾಗುತ್ತದೆ. ಆದರೆ ಈ ಹಗುರತನ ತೀರಾ ಅಲ್ಪ. ಮೋಡವನ್ನು ಹತ್ತು ಹದಿನೈದು ಕಿಲೋಮೀಟರ್ ಎತ್ತರಕ್ಕೆ ಒಯ್ಯುವುದು ಆವಿಯೊಳಗೆ ಅಡಗಿರುವ ಗುಪ್ತೋಷ್ಣ. ಮೇಲೇರುವ ಗಾಳಿ ಹಿಗ್ಗುತ್ತದೆ, ಹಿಗ್ಗುವುದರಿಂದಲೇ ತಣ್ಣಗಾಗುತ್ತದೆ. ಒಣಗಾಳಿಯಾದರೆ ಪ್ರತಿ ಕಿಲೋಮೀಟರಿಗೆ 9.8 ಡಿಗ್ರಿ ಸೆಲ್ಸಿಯಸ್. ಆದರೆ ಒಂದು ಎತ್ತರದಲ್ಲಿ ಆವಿ ಹನಿಗಟ್ಟಲು ತೊಡಗಿದ ಮೇಲೆ ಅದು ಬಿಟ್ಟುಕೊಡುವ ಶಾಖ ಈ ತಣ್ಣಗಾಗುವಿಕೆಯನ್ನು ತಡೆಯುತ್ತದೆ, ಬೆಚ್ಚಗಿನ ಕೆಳಸ್ತರಗಳಲ್ಲಿ ತಣ್ಣಗಾಗುವ ದರ ಕಿಲೋಮೀಟರಿಗೆ ನಾಲ್ಕೈದು ಡಿಗ್ರಿಗೂ ಇಳಿಯಬಹುದು. ಸುತ್ತಲಿನ ವಾತಾವರಣ ಸರಾಸರಿಯಲ್ಲಿ ಕಿಲೋಮೀಟರಿಗೆ 6.5 ಡಿಗ್ರಿಯಂತೆ ತಣ್ಣಗಾಗುತ್ತಾ ಹೋಗುವುದರಿಂದ, ಮೋಡದೊಳಗಿನ ಗಾಳಿ ಮೇಲೇರಿದಷ್ಟೂ ತನ್ನ ನೆರೆಹೊರೆಗಿಂತ ಬೆಚ್ಚಗೆ, ಆದ್ದರಿಂದ ಹಗುರವಾಗಿ ಉಳಿಯುತ್ತದೆ. ಏರಿದ್ದೇ ಮತ್ತಷ್ಟು ಏರಲು ಕಾರಣವಾಗುತ್ತದೆ.

ಮುನ್ಸೂಚಕರು ಈ ತೇಲುವ ಶಕ್ತಿಯನ್ನು ಪ್ರತಿ ಕಿಲೋಗ್ರಾಂ ಗಾಳಿಗೆ ಇಷ್ಟು ಜೌಲ್ ಎಂದು ಅಳೆಯುತ್ತಾರೆ. ಅದು 2500 ಜೌಲ್ ಇದ್ದ ದಿನ ಮೇಲೇರುವ ಗಾಳಿಯ ವೇಗ ಸೈದ್ಧಾಂತಿಕವಾಗಿ ಸೆಕೆಂಡಿಗೆ 70 ಮೀಟರ್ ತಲುಪಬಹುದು. ಹನಿಗಳ ಭಾರ ಮತ್ತು ಸುತ್ತಲಿನ ಒಣಗಾಳಿಯ ಬೆರಕೆಯಿಂದಾಗಿ ವಾಸ್ತವದಲ್ಲಿ ಸಿಗುವುದು ಸುಮಾರು ಅದರ ಅರ್ಧ. ಅರ್ಧವೆಂದರೂ ಅದು ಗಂಟೆಗೆ 120 ಕಿಲೋಮೀಟರಿಗೂ ಮಿಗಿಲಾದ ವೇಗ, ಅದೂ ನೆಟ್ಟಗೆ ಮೇಲಕ್ಕೆ.

ಇಲ್ಲೇ ಜೋಡಣೆಯ ಮೊದಲ ಪಾತ್ರ ಕಾಣುತ್ತದೆ. ನೆಲದಿಂದ ಒಂದೆರಡು ಕಿಲೋಮೀಟರ್ ಎತ್ತರದಲ್ಲಿ ಕೆಲವು ದಿನ ಬೆಚ್ಚಗಿನ ಒಣಗಾಳಿಯ ಪದರವೊಂದು ಹರಡಿಕೊಂಡಿರುತ್ತದೆ. ಕೆಳಗಿನಿಂದ ಏರಿದ ಗಾಳಿ ಆ ಪದರದಲ್ಲಿ ತನಗಿಂತ ಬೆಚ್ಚಗಿನ ಗಾಳಿಯನ್ನು ಸಂಧಿಸಿ ನಿಂತುಬಿಡುತ್ತದೆ. ಈ ತಡೆ ಇಲ್ಲದ ದಿನ, ಬೆಳಗಿನಿಂದಲೇ ಅಲ್ಲಲ್ಲಿ ಸಣ್ಣ ಮೋಡಗಳೆದ್ದು ಚಿಕ್ಕಪುಟ್ಟ ಮಳೆಗಳಲ್ಲಿ ತೇವವೆಲ್ಲ ಖರ್ಚಾಗಿಬಿಡುತ್ತದೆ. ತಡೆ ಇದ್ದ ದಿನ ಬಿಸಿಲು ಕಾಯುತ್ತಾ, ತೇವ ಕೂಡಿಬರುತ್ತಾ ಹೋದರೂ ಆಕಾಶದಲ್ಲಿ ಮೋಡ ಬೆಳೆಯುವುದಿಲ್ಲ. ಇಳಿಹೊತ್ತಿನಲ್ಲಿ ಆ ಪದರ ಎಲ್ಲೋ ಒಂದೆಡೆ ಸೀಳಿತೆಂದರೆ ಕೂಡಿಟ್ಟದ್ದೆಲ್ಲ ಆ ಒಂದೇ ದಾರಿಯಲ್ಲಿ ಮೇಲೆ ನುಗ್ಗುತ್ತದೆ. ಮಧ್ಯಾಹ್ನದವರೆಗೂ ನಿಚ್ಚಳವಾಗಿರುವ ಸೆಕೆಯ ಆಕಾಶವನ್ನು ಮುನ್ಸೂಚಕರು ಅನುಮಾನದಿಂದ ನೋಡುವುದು ಇದೇ ಕಾರಣಕ್ಕೆ.

ಮೋಡದ ಒಳಗೆ ನಿಜವಾಗಿ ಏನಾಗುತ್ತದೆ ಎಂಬುದನ್ನು ವ್ಯವಸ್ಥಿತವಾಗಿ ಅಳೆದದ್ದು ಎರಡನೆಯ ಮಹಾಯುದ್ಧ ಮುಗಿದ ಬೆನ್ನಿಗೆ. 1946ರಲ್ಲಿ ಫ್ಲಾರಿಡಾದಲ್ಲಿ, 1947ರಲ್ಲಿ ಒಹಾಯೋದಲ್ಲಿ ಹವಾಮಾನ ವಿಜ್ಞಾನಿ ಹೊರೇಸ್ ಬೈಯರ್ಸ್ ನೇತೃತ್ವದ ತಂಡ ಯುದ್ಧದಿಂದ ಬಿಡುವಾಗಿದ್ದ ಪಿ-61 ವಿಮಾನಗಳನ್ನು ಐದು ಬೇರೆ ಬೇರೆ ಎತ್ತರಗಳಲ್ಲಿ ಗುಡುಗು ಮೋಡಗಳ ಒಡಲೊಳಗೇ ಹಾಯಿಸಿತು. ಅಲುಗಾಟಕ್ಕೆ ಹೆದರಿ ಪೈಲಟ್‌ಗಳು ಸುತ್ತಿ ಹೋಗುವ ಜಾಗಕ್ಕೆ ಉದ್ದೇಶಪೂರ್ವಕವಾಗಿ ನುಗ್ಗುವ ಕೆಲಸ ಅದು. ಅದರಿಂದ ಹೊರಬಂದ ಚಿತ್ರ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಮೊದಲು ಮೋಡದ ತುಂಬ ಬರೀ ಏರುಗಾಳಿ. ನಂತರ ಹನಿಗಳು ದಪ್ಪವಾಗಿ, ಏರುಗಾಳಿ ಹೊರಲಾರದಷ್ಟಾದಾಗ ಮಳೆ ಮತ್ತು ಅದರೊಡನೆ ಇಳಿಗಾಳಿ. ಕೊನೆಗೆ ಮೋಡದ ತುಂಬ ಬರೀ ಇಳಿಗಾಳಿ. ಬೀಳುವ ಹನಿಗಳು ಗಾಳಿಯನ್ನು ತಮ್ಮೊಡನೆ ಕೆಳಕ್ಕೆ ಎಳೆಯುತ್ತವೆ, ಜೊತೆಗೆ ಅವುಗಳಲ್ಲಿ ಕೆಲವು ದಾರಿಯಲ್ಲೇ ಆವಿಯಾಗಿ ಸುತ್ತಲಿನ ಗಾಳಿಯನ್ನು ತಣ್ಣಗಾಗಿಸಿ ಭಾರವಾಗಿಸುತ್ತವೆ. ಈ ತಣ್ಣನೆಯ ಗಾಳಿ ನೆಲಕ್ಕಿಳಿದು ಹರಡಿದಾಗ, ಮೋಡಕ್ಕೆ ಕೆಳಗಿನಿಂದ ಬರುತ್ತಿದ್ದ ಬೆಚ್ಚಗಿನ ತೇವದ ಸರಬರಾಜೇ ಕಡಿದುಹೋಗುತ್ತದೆ. ಒಂಟಿ ಗುಡುಗು ಮೋಡ ಹೀಗೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಾನು ಸುರಿಸಿದ ಮಳೆಗೆ ತಾನೇ ಬಲಿಯಾಗುತ್ತದೆ. ಗುಡುಗು ಮಳೆಗಳಲ್ಲಿ ಬಹುಪಾಲು ದೊಡ್ಡ ಹಾನಿ ಮಾಡದೆ ಹೋಗುವುದಕ್ಕೆ ಈ ಸ್ವಯಂನಾಶವೇ ಕಾರಣ.

ಬೈಯರ್ಸ್ ತಂಡದವರು ವಿಮಾನದೊಳಗಿದ್ದು ಕಂಡದ್ದನ್ನು ಯಾವ ಆಸರೆಯೂ ಇಲ್ಲದೆ ಅನುಭವಿಸಿದವರು ಅಮೆರಿಕದ ನೌಕಾಯೋಧ ಪೈಲಟ್ ವಿಲಿಯಂ ರ‍್ಯಾಂಕಿನ್. 1959ರ ಜುಲೈ 26ರಂದು ಗುಡುಗು ಮೋಡವೊಂದರ ಮೇಲೆ, ಸುಮಾರು 47,000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಎಂಜಿನ್ ಕೈಕೊಟ್ಟಿತು. ಒತ್ತಡ ಕಾಯುವ ಉಡುಪಿಲ್ಲದೆಯೇ ಅವರು ಹೊರಜಿಗಿಯಬೇಕಾಯಿತು. ಮಾಮೂಲಿಯಾಗಿ ಸುಮಾರು ಹತ್ತು ನಿಮಿಷದಲ್ಲಿ ಮುಗಿಯಬೇಕಾದ ಇಳಿತಕ್ಕೆ ನಲವತ್ತು ನಿಮಿಷ ಹಿಡಿಯಿತು. ಪ್ಯಾರಾಚೂಟ್ ಬಿಚ್ಚಿಕೊಂಡ ಮೇಲೆ ಏರುಗಾಳಿ ಅವರನ್ನು ಮತ್ತೆ ಮತ್ತೆ ಮೇಲಕ್ಕೆಸೆಯಿತು, ಆಲಿಕಲ್ಲುಗಳು ಮೈಮೇಲೆ ಬಡಿದವು, ಮಳೆ ಎಷ್ಟು ದಟ್ಟವಾಗಿತ್ತೆಂದರೆ ನಡುಗಗನದಲ್ಲೇ ಮುಳುಗಿ ಸಾಯುತ್ತೇನೆಂಬ ಭಯದಲ್ಲಿ ಉಸಿರು ಬಿಗಿಹಿಡಿದಿದ್ದರು. ಕೊನೆಗೆ ಉತ್ತರ ಕ್ಯಾರೊಲೈನಾದ ಕಾಡಿನಲ್ಲಿ ಮರಗಳ ನಡುವೆ ಬಿದ್ದು ಬದುಕಿಕೊಂಡರು. ಏರುಗಾಳಿಯ ವೇಗದ ಅಂಕಿಗಳನ್ನು ಎಷ್ಟೇ ಓದಿದ್ದರೂ, ಒಬ್ಬ ಮನುಷ್ಯನನ್ನು ಅಷ್ಟು ಹೊತ್ತು ಕೆಳಗಿಳಿಯಗೊಡದೆ ಹಿಡಿದಿಟ್ಟ ಗಾಳಿ ಎಂದಾಗಲೇ ಅದರ ಅರ್ಥ ನನಗೆ ನಾಟಿದ್ದು.

ಅದೇ ತಿಂಗಳು, ಜುಲೈ 9ರಂದು, ಇಂಗ್ಲೆಂಡಿನ ವೋಕಿಂಗ್‌ಹ್ಯಾಂ ಪಟ್ಟಣದ ಮೇಲೆ ಆಲಿಕಲ್ಲಿನ ಬಿರುಗಾಳಿಯೊಂದು ಹಾದುಹೋಯಿತು. ಸಂಶೋಧನೆಗೆಂದು ಇಟ್ಟಿದ್ದ ಹಲವು ರೇಡಾರ್‌ಗಳು ಅದನ್ನು ಹಿಂಬಾಲಿಸಿದ್ದವು. ಆ ದಾಖಲೆಗಳನ್ನು ಹವಾಮಾನ ವಿಜ್ಞಾನಿಗಳಾದ ಕೀತ್ ಬ್ರೌನಿಂಗ್ ಮತ್ತು ಫ್ರಾಂಕ್ ಲಡ್ಲಂ ಬಿಡಿಸಿ ನೋಡಿದಾಗ ಕಂಡದ್ದು ಬೈಯರ್ಸ್ ವಿವರಿಸಿದ್ದ ಅಲ್ಪಾಯುಷಿ ಮೋಡವಾಗಿರಲಿಲ್ಲ. ಒಂದೇ ಒಂದು ಬೃಹತ್ ಘಟಕ ತನ್ನ ಆಕಾರವನ್ನು ಬಹಳ ಹೊತ್ತು ಉಳಿಸಿಕೊಂಡೇ ಸಾಗಿತ್ತು. ಅದರ ನಡುಭಾಗದಲ್ಲಿ ರೇಡಾರಿಗೆ ಏನೂ ಕಾಣದ ಕಮಾನಿನಾಕಾರದ ಟೊಳ್ಳೊಂದಿತ್ತು. ಏರುಗಾಳಿ ಅತ್ಯಂತ ಬಲವಾಗಿರುವುದು ಅಲ್ಲೇ. ಗಾಳಿ ಅಷ್ಟು ವೇಗವಾಗಿ ಮೇಲೆ ಸಾಗುವುದರಿಂದ ರೇಡಾರಿಗೆ ಕಾಣುವಷ್ಟು ದೊಡ್ಡದಾಗಲು ಹನಿಗಳಿಗೆ ಸಮಯವೇ ಸಿಕ್ಕಿರುವುದಿಲ್ಲ. ಬಿರುಗಾಳಿಯ ಎದೆಗೂಡೇ ಪರದೆಯ ಮೇಲೆ ಖಾಲಿಯಾಗಿ ಕಾಣುವ ಈ ವಿಚಿತ್ರ ಇಂದಿಗೂ ರೇಡಾರ್ ನೋಡುವವರು ಹುಡುಕುವ ಮುಖ್ಯ ಸುಳಿವುಗಳಲ್ಲೊಂದು. ಈ ಬಗೆಯ ಮೋಡಕ್ಕೆ ಬ್ರೌನಿಂಗ್ ಸೂಪರ್‌ಸೆಲ್ ಎಂದು ಹೆಸರಿಟ್ಟರು.

ಸೂಪರ್‌ಸೆಲ್ ತನ್ನ ಮಳೆಯಿಂದ ಸಾಯದಿರುವುದರ ಗುಟ್ಟು ಮೋಡದ ಹೊರಗಿದೆ. ನೆಲದ ಬಳಿ ಗಾಳಿ ಒಂದು ದಿಕ್ಕಿನಿಂದ ಮೆಲ್ಲಗೆ ಬೀಸುತ್ತಿದ್ದು, ಐದಾರು ಕಿಲೋಮೀಟರ್ ಮೇಲೆ ಇನ್ನೊಂದು ದಿಕ್ಕಿನಿಂದ ಜೋರಾಗಿ ಬೀಸುತ್ತಿದ್ದರೆ, ಆ ವ್ಯತ್ಯಾಸವನ್ನು ವಿಂಡ್ ಶಿಯರ್ ಎನ್ನುತ್ತಾರೆ. ಇಂಥ ಗಾಳಿಯಲ್ಲಿ ಬೆಳೆಯುವ ಮೋಡದ ಮಳೆ ಏರುಗಾಳಿಯ ಬುಡಕ್ಕೆ ಬೀಳದೆ ಪಕ್ಕಕ್ಕೆ ಸಾಗಿಹೋಗುತ್ತದೆ. ಏರುವ ದಾರಿ ಬೇರೆ, ಇಳಿಯುವ ದಾರಿ ಬೇರೆಯಾಗುತ್ತದೆ. ಒಂದೇ ಕಿರುಬಾಗಿಲಿನಲ್ಲಿ ಒಳಬರುವವರೂ ಹೊರಹೋಗುವವರೂ ನೂಕಾಡುತ್ತಿದ್ದ ಜಾತ್ರೆಗೆ ಎರಡನೆಯ ಬಾಗಿಲು ತೆರೆದಂತೆ, ಅದುವರೆಗೆ ತನ್ನನ್ನೇ ತಡೆಯುತ್ತಿದ್ದ ಹರಿವು ಸಲೀಸಾಗುತ್ತದೆ. ಇದಷ್ಟೇ ಸಾಲದೆಂಬಂತೆ, ಎತ್ತರಕ್ಕೆ ತಕ್ಕಂತೆ ವೇಗ ಬದಲಾಗುವ ಗಾಳಿಯಲ್ಲಿ ಅಡ್ಡಲಾಗಿ ಉರುಳುವ ಸುಳಿಯ ಗುಣ ಮೊದಲೇ ಅಡಗಿರುತ್ತದೆ. ಏರುಗಾಳಿ ಆ ಅಡ್ಡ ಸುಳಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಾಗ ಮೋಡವೇ ತಿರುಗಲಾರಂಭಿಸುತ್ತದೆ. ಹೀಗೆ ತಿರುಗುವ ಏರುಗಾಳಿ ಗಂಟೆಗಟ್ಟಲೆ ಬದುಕಬಲ್ಲದು.

ದೊಡ್ಡ ಆಲಿಕಲ್ಲು ಬಹುಮಟ್ಟಿಗೆ ಇಂಥ ಮೋಡಗಳ ಸಂತಾನ. 2010ರ ಜುಲೈ 23ರಂದು ಅಮೆರಿಕದ ದಕ್ಷಿಣ ಡಕೋಟಾದ ವಿವಿಯನ್ ಎಂಬಲ್ಲಿ ಬಿದ್ದ ಆಲಿಕಲ್ಲಿನ ಅಡ್ಡಳತೆ 20 ಸೆಂಟಿಮೀಟರ್, ತೂಕ ಸುಮಾರು 880 ಗ್ರಾಂ. ಆಲಿಕಲ್ಲನ್ನು ನಡುವೆ ಸೀಳಿದರೆ ಪಾರದರ್ಶಕ ಮತ್ತು ಹಾಲುಬಿಳುಪಿನ ಪದರಗಳು ಒಂದರ ಸುತ್ತ ಒಂದು ಕಾಣುತ್ತವೆ. ಶೂನ್ಯಕ್ಕಿಂತ ಬಹಳ ಕೆಳಗಿನ ಚಳಿಯಲ್ಲೂ ದ್ರವವಾಗಿಯೇ ಉಳಿದ ಹನಿಗಳು ಅದಕ್ಕೆ ತಾಕಿ ತಕ್ಷಣ ಹೆಪ್ಪುಗಟ್ಟಿದಾಗ ಗಾಳಿಯ ಗುಳ್ಳೆಗಳು ಸಿಕ್ಕಿಕೊಂಡು ಬಿಳಿಯ ಪದರವಾಗುತ್ತದೆ. ನೀರು ಹೇರಳವಾಗಿದ್ದೆಡೆ ಮೇಲ್ಮೈ ಒದ್ದೆಯಾಗಿ ನಿಧಾನವಾಗಿ ಗಟ್ಟಿಯಾದಾಗ ಗಾಜಿನಂಥ ಪದರ. ಆಲಿಕಲ್ಲು ಹಲವು ಬಾರಿ ಮೇಲೆ ಕೆಳಗೆ ಓಡಾಡಿದ್ದಕ್ಕೆ ಈ ಪದರಗಳೇ ಸಾಕ್ಷಿ ಎಂದು ಬಹುಕಾಲ ಹೇಳಲಾಗುತ್ತಿತ್ತು, ಶಾಲಾಪುಸ್ತಕಗಳಲ್ಲಿ ಈಗಲೂ ಹಾಗೆಯೇ ಬರೆದಿರುತ್ತಾರೆ. ವಿಶಾಲವಾದ ಏರುಗಾಳಿಯನ್ನು ಒಮ್ಮೆ ಅಡ್ಡ ಹಾಯುವಾಗಲೇ ಬೇರೆ ಬೇರೆ ನೀರಿನ ಪ್ರಮಾಣದ ವಲಯಗಳನ್ನು ದಾಟುವುದರಿಂದಲೂ ಪದರಗಳು ಮೂಡಬಲ್ಲವು. ಮುಖ್ಯವಾದದ್ದು ಅದು ಬೆಳೆಯುವಷ್ಟು ಹೊತ್ತು ಬೀಳದಂತೆ ಹಿಡಿದಿಡುವ ಏರುಗಾಳಿ. 1888ರ ಏಪ್ರಿಲ್ 30ರಂದು ಉತ್ತರ ಭಾರತದ ಮೊರಾದಾಬಾದಿನಲ್ಲಿ ಆಲಿಕಲ್ಲಿನ ಮಳೆಗೆ 246 ಮಂದಿ ಬಲಿಯಾದರು.

ಮಿಂಚಿನ ವಿಷಯದಲ್ಲಿ ಎರಡು ಮಾತು. ಮೋಡದೊಳಗೆ ಮೃದುವಾದ ಹಿಮಗುಂಡುಗಳು ಮತ್ತು ಹಗುರವಾದ ಹಿಮಹರಳುಗಳು ಪರಸ್ಪರ ತಾಕಿ ಬೇರಾಗುವಾಗ ವಿದ್ಯುದಾವೇಶ ಹಂಚಿಕೊಳ್ಳುತ್ತವೆ. ಹರಳುಗಳು ಧನಾವೇಶದೊಡನೆ ಮೇಲೆ ಸಾಗಿದರೆ ಗುಂಡುಗಳು ಋಣಾವೇಶದೊಡನೆ ಕೆಳಗುಳಿಯುತ್ತವೆ. ಮಿಂಚಿನ ದಾರಿಯ ಗಾಳಿ ಸುಮಾರು 30,000 ಡಿಗ್ರಿಗೆ ಕಾದು ಸಿಡಿದು ಹಿಗ್ಗುವುದೇ ಗುಡುಗು. ಇಷ್ಟೆಲ್ಲ ಗೊತ್ತಿದ್ದರೂ, ಮೋಡಗಳಲ್ಲಿ ಅಳೆದ ವಿದ್ಯುತ್ ಕ್ಷೇತ್ರ ಗಾಳಿಯನ್ನು ಸೀಳಲು ಬೇಕಾದುದರ ಸುಮಾರು ಹತ್ತನೆಯ ಒಂದು ಭಾಗವಷ್ಟೇ ಇರುವುದರಿಂದ, ಮೊದಲ ಕಿಡಿ ಹೊತ್ತುವ ಬಗೆಯ ಕುರಿತ ಚರ್ಚೆ ಇನ್ನೂ ನಡೆದಿದೆ.

ಮತ್ತೆ ಇಳಿಗಾಳಿಯ ಕಡೆಗೆ ಬರುತ್ತೇನೆ, ಏಕೆಂದರೆ ಮೋಡವನ್ನು ಕೊಲ್ಲುವ ಆ ಗಾಳಿ ಸಾಯುವ ಹೊತ್ತಿನಲ್ಲಿ ಮನುಷ್ಯರನ್ನೂ ಕೊಂದೀತು ಎಂಬುದನ್ನು ಒಪ್ಪಿಕೊಳ್ಳಲು ವಿಜ್ಞಾನಲೋಕ ಸಾಕಷ್ಟು ಹಿಂಜರಿಯಿತು. ಜಪಾನಿನ ವಿಜ್ಞಾನಿ ತೆತ್ಸುಯಾ ಫುಜಿತಾ 1945ರಲ್ಲಿ ನಾಗಸಾಕಿ ಮತ್ತು ಹಿರೊಷಿಮಾಗಳ ಅವಶೇಷಗಳ ನಡುವೆ ಓಡಾಡಿ, ಸ್ಫೋಟದ ಕೇಂದ್ರದಿಂದ ಎಲ್ಲ ದಿಕ್ಕಿಗೂ ಮರಗಳು ಕಿರಣಗಳಂತೆ ಉರುಳಿಬಿದ್ದಿದ್ದನ್ನು ಗಮನಿಸಿದ್ದರು. 1947ರಲ್ಲಿ ಸೆಬುರಿ ಬೆಟ್ಟದ ಮೇಲಿನ ಅಳತೆಗಳಿಂದ ಗುಡುಗು ಮೋಡದಲ್ಲಿ ಇಳಿಗಾಳಿ ಇದೆಯೆಂದು ತಾವೇ ತರ್ಕಿಸಿದರು. ಅದೇ ಬೆಟ್ಟದ ಅಮೆರಿಕನ್ ರೇಡಾರ್ ಠಾಣೆಯ ಕಸದಬುಟ್ಟಿಯಲ್ಲಿ ಸಿಕ್ಕ ಬೈಯರ್ಸ್ ಅವರ ಪ್ರಬಂಧವೊಂದನ್ನು ಓದಿ, ತಮ್ಮ ಕೆಲಸವನ್ನು ಇಂಗ್ಲಿಷಿನಲ್ಲಿ ಬೆರಳಚ್ಚಿಸಿ ಅವರಿಗೆ ಕಳುಹಿಸಿದರು. 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಆಹ್ವಾನ ಬಂತು. ಸುಂಟರಗಾಳಿಗಳನ್ನು ಅವುಗಳ ಹಾನಿಯಿಂದ ಅಳೆಯುವ ಮಾಪಕಕ್ಕೆ ಇಂದಿಗೂ ಅವರದೇ ಹೆಸರು. ಆದರೆ 1974ರ ಏಪ್ರಿಲ್‌ನಲ್ಲಿ ಸುಂಟರಗಾಳಿಗಳ ಮಹಾಸರಣಿಯ ನಂತರ ವಿಮಾನದಿಂದ ಸಮೀಕ್ಷೆ ನಡೆಸುತ್ತಿದ್ದಾಗ, ಸುಳಿಯ ಗುರುತೇ ಇಲ್ಲದೆ ನಕ್ಷತ್ರದಂತೆ ಹೊರಮುಖವಾಗಿ ಮಲಗಿದ್ದ ಮರಗಳು ಅವರ ಕಣ್ಣಿಗೆ ಬಿದ್ದವು. ಆ ವಿನ್ಯಾಸವನ್ನು ಅವರು ಮೊದಲೇ ಬಲ್ಲವರು.

1975ರ ಜೂನ್ 24ರಂದು ನ್ಯೂಯಾರ್ಕಿನ ಕೆನೆಡಿ ನಿಲ್ದಾಣದಲ್ಲಿ ಇಳಿಯುತ್ತಿದ್ದ ಬೋಯಿಂಗ್ 727 ಗುಡುಗು ಮಳೆಯ ನಡುವೆ ನೆಲಕ್ಕಪ್ಪಳಿಸಿ 113 ಮಂದಿ ಸತ್ತಾಗ, ಫುಜಿತಾ ಅದಕ್ಕೆ ಕೊಟ್ಟ ವಿವರಣೆ ಇದು: ಮೋಡದಿಂದ ಕಿರಿದಾದ ಕಂಬದಂತೆ ಇಳಿದ ತಣ್ಣನೆಯ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಚಿಮ್ಮಿದೆ. ಅದನ್ನು ಹೊಕ್ಕ ವಿಮಾನಕ್ಕೆ ಮೊದಲು ಎದುರುಗಾಳಿ ಸಿಕ್ಕು ಅದು ತುಸು ಮೇಲೇಳುತ್ತದೆ, ಪೈಲಟ್ ಸಹಜವಾಗಿ ವೇಗ ಇಳಿಸುತ್ತಾರೆ. ಮರುಕ್ಷಣ ಇಳಿಗಾಳಿ ಒತ್ತುತ್ತದೆ, ಅದರ ಬೆನ್ನಿಗೇ ಹಿಂಗಾಳಿ ಬಂದು ರೆಕ್ಕೆಗಳ ಎತ್ತುವ ಬಲವನ್ನು ಕಸಿದುಕೊಳ್ಳುತ್ತದೆ. ಇಳಿಗಾಳಿ ನೆಲ ಮುಟ್ಟುವ ಮೊದಲೇ ದುರ್ಬಲವಾಗಬೇಕು ಎಂದು ಹಲವು ತಜ್ಞರು ವಾದಿಸಿದರು. 1978ರಲ್ಲಿ ಷಿಕಾಗೋ ಬಳಿ ಗಾಳಿಯ ವೇಗವನ್ನೂ ಅಳೆಯಬಲ್ಲ ಡಾಪ್ಲರ್ ರೇಡಾರ್‌ಗಳನ್ನು ಹೂಡಿ ಫುಜಿತಾ ಮೈಕ್ರೋಬರ್ಸ್ಟ್ ಎಂಬ ಆ ಗಾಳಿಯನ್ನು ಅಳೆದು ತೋರಿಸಿದರು. ನಂತರ ವಿಮಾನ ನಿಲ್ದಾಣಗಳಿಗೆ ಬಂದ ರೇಡಾರ್‌ಗಳು, ವಿಮಾನಗಳೊಳಗಿನ ಎಚ್ಚರಿಕೆ ಸಾಧನಗಳು, ಪೈಲಟ್‌ಗಳ ತರಬೇತಿ ಎಲ್ಲದರ ಹಿಂದೆಯೂ ಆ ಅಳತೆಯಿದೆ. ಹವಾಮಾನ ವಿಜ್ಞಾನದ ಇಷ್ಟು ನೇರವಾದ ಉಪಕಾರ ಬೇರೊಂದು ಸುಲಭಕ್ಕೆ ನೆನಪಾಗುವುದಿಲ್ಲ.

ಸುಂಟರಗಾಳಿಯ ಮುನ್ಸೂಚನೆಯ ಕಥೆಯೂ ಜೋಡಣೆಯನ್ನೇ ಹೇಳುತ್ತದೆ. 1948ರ ಮಾರ್ಚ್ 20ರಂದು ಒಕ್ಲಹೋಮಾದ ಟಿಂಕರ್ ವಾಯುನೆಲೆಗೆ ಸುಂಟರಗಾಳಿ ಅಪ್ಪಳಿಸಿತು. ಅಲ್ಲಿನ ಅಧಿಕಾರಿಗಳಾದ ಅರ್ನೆಸ್ಟ್ ಫಾಬುಶ್ ಮತ್ತು ರಾಬರ್ಟ್ ಮಿಲ್ಲರ್ ಹಿಂದಿನ ಸುಂಟರಗಾಳಿಗಳ ದಿನದ ನಕ್ಷೆಗಳನ್ನು ಕೆದಕಿ, ಕೆಳಗೆ ತೇವ, ಮೇಲೆ ಒಣಗಾಳಿ, ಎತ್ತರಕ್ಕೆ ತಕ್ಕಂತೆ ಬದಲಾಗುವ ಬಲವಾದ ಗಾಳಿ ಇವೆಲ್ಲ ಒಂದೆಡೆ ಕೂಡುವುದನ್ನು ಗುರುತಿಸಿದರು. ಐದು ದಿನಗಳ ನಂತರ ಅದೇ ಕೂಟ ಮತ್ತೆ ನಕ್ಷೆಯ ಮೇಲೆ ಮೂಡಿತು. ಅವರು ಹಿಂಜರಿಯುತ್ತಲೇ ಎಚ್ಚರಿಕೆ ನೀಡಿದರು, ಆ ಸಂಜೆ ಅದೇ ನೆಲೆಗೆ ಎರಡನೆಯ ಸುಂಟರಗಾಳಿ ಬಂದೇಬಿಟ್ಟಿತು. ಒಂದೇ ಜಾಗಕ್ಕೆ ಬಂದದ್ದು ಅಪ್ಪಟ ಅದೃಷ್ಟ, ಆದರೆ ವಿಧಾನ ಸರಿಯಾಗಿತ್ತು. ಈ ಕೂಟ ಅಮೆರಿಕದ ಬಯಲುಗಳಿಗಷ್ಟೇ ಸೀಮಿತವಲ್ಲ: 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ–ಸಾಟೂರಿಯಾ ಪ್ರದೇಶದಲ್ಲಿ ಸುಮಾರು 1,300 ಜನರನ್ನು ಕೊಂದದ್ದೂ ಸುಂಟರಗಾಳಿಯೇ.

ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ಚಂಡಮಾರುತ ತಲೆಕೆಳಗು ಮಾಡುತ್ತದೆ. ಅದರ ಇಂಧನವೂ ನೀರಾವಿಯ ಗುಪ್ತೋಷ್ಣವೇ. ಸಮುದ್ರದ ಮೇಲ್ಮೈ ಸುಮಾರು 26.5 ಡಿಗ್ರಿಗಿಂತ ಬೆಚ್ಚಗಿರಬೇಕು, ಭೂಮಿಯ ಆವರ್ತನೆಯಿಂದ ಸುಳಿ ಸಿಗುವಷ್ಟು ಸಮಭಾಜಕದಿಂದ ದೂರವಿರಬೇಕು. ಆದರೆ ಸೂಪರ್‌ಸೆಲ್‌ಗೆ ಜೀವ ಕೊಡುವ ವಿಂಡ್ ಶಿಯರ್ ಚಂಡಮಾರುತಕ್ಕೆ ಶತ್ರು. ನೂರಾರು ಕಿಲೋಮೀಟರ್ ಅಗಲದ ಈ ವ್ಯವಸ್ಥೆ ನಿಂತಿರುವುದು ಅದರ ನಡುವಿನ ಬೆಚ್ಚಗಿನ ಗಾಳಿಯ ನೆಟ್ಟನೆಯ ಕಂಬದ ಮೇಲೆ. ಮೇಲಿನ ಗಾಳಿ ಆ ಕಂಬವನ್ನು ಓರೆ ಮಾಡಿ, ಒಣಗಾಳಿಯನ್ನು ಒಳಕ್ಕೆ ನುಗ್ಗಿಸಿದರೆ ನಡುವಿನ ಒತ್ತಡ ಮತ್ತೆ ಏರಿ ಚಂಡಮಾರುತ ಸೊರಗುತ್ತದೆ. 1979ರ ಅಕ್ಟೋಬರ್ 12ರಂದು ಪೆಸಿಫಿಕ್‌ನ ಟಿಪ್ ಚಂಡಮಾರುತದ ನಡುವೆ ಅಳೆದ 870 ಹೆಕ್ಟೋಪ್ಯಾಸ್ಕಲ್, ಸಮುದ್ರಮಟ್ಟದಲ್ಲಿ ದಾಖಲಾದ ಅತಿ ಕಡಿಮೆ ಒತ್ತಡ. ಆದರೂ ಚಂಡಮಾರುತದಲ್ಲಿ ಹೆಚ್ಚು ಜನರನ್ನು ಕೊಂದಿರುವುದು ಗಾಳಿಗಿಂತ ನೀರು. 1970ರ ನವೆಂಬರ್‌ನಲ್ಲಿ ಅಂದಿನ ಪೂರ್ವ ಪಾಕಿಸ್ತಾನದ ಕರಾವಳಿಯಲ್ಲಿ ಕನಿಷ್ಠ ಮೂರು ಲಕ್ಷ ಜನರನ್ನು ಕೊಂದದ್ದು ಗಾಳಿ ತಳ್ಳಿತಂದ ಸಮುದ್ರದ ಉಬ್ಬರ.

ಗಾತ್ರದ ಈ ವ್ಯತ್ಯಾಸ ಮುನ್ಸೂಚನೆಯ ಮಿತಿಯನ್ನೂ ನಿರ್ಧರಿಸುತ್ತದೆ. ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1969ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು: ಅಳತೆಯ ತಪ್ಪುಗಳು ಚಿಕ್ಕ ಗಾತ್ರದ ಚಲನೆಗಳಲ್ಲಿ ಬಲು ಬೇಗ ಬೆಳೆಯುವುದರಿಂದ ಒಂದು ಮೋಡದ ಭವಿಷ್ಯವನ್ನು ಹೆಚ್ಚೆಂದರೆ ಗಂಟೆಯ ಲೆಕ್ಕದಲ್ಲಿ, ಖಂಡದಗಲದ ವಾಯುಭಾರ ಕುಸಿತದ್ದನ್ನು ದಿನಗಳ ಲೆಕ್ಕದಲ್ಲಿ ಹೇಳಬಹುದು. ಚಂಡಮಾರುತದ ದಾರಿಯನ್ನು ನಾಲ್ಕೈದು ದಿನ ಮೊದಲೇ ಗೆರೆ ಎಳೆದು ತೋರಿಸುವ ಸಂಸ್ಥೆಗಳೇ ಸಂಜೆಯ ಗುಡುಗು ಮಳೆ ಯಾವ ಬೀದಿಗೆ ಎಂದು ಹೇಳಲಾರದಿರುವುದನ್ನು ಜನ ಗೇಲಿ ಮಾಡುತ್ತಾರೆ. ನನಗೆ ಆ ಗೇಲಿ ನ್ಯಾಯವೆನ್ನಿಸುವುದಿಲ್ಲ. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಹಿಡಿದಿಡಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ, ಹೀಗಾಗಿ ಕಾಯುತ್ತಿರುವ ಭೂಮಿಯಲ್ಲಿ ಬಂಡವಾಳ ಬೆಳೆಯುತ್ತಲೇ ಇದೆ. ಭಾರಿ ಮಳೆಗಳು ಇನ್ನಷ್ಟು ಭಾರಿಯಾಗುವುದು ಅದರ ನೇರ ಫಲ. ಅದು ಯಾವ ಸಂಜೆ, ಯಾವ ಮೋಡದಲ್ಲಿ, ಯಾವ ಶಿಯರ್‌ನ ಕೈಗೆ ಸಿಗುತ್ತದೆ ಎಂಬುದಕ್ಕೆ ಮಾತ್ರ ಆಯಾ ದಿನದ ಗಾಳಿಯನ್ನೇ ನೋಡಬೇಕು. ಅಮೆರಿಕದಲ್ಲಿ ಸುಂಟರಗಾಳಿಯ ಎಚ್ಚರಿಕೆ ಈಗ ಸರಾಸರಿ ಹತ್ತು ನಿಮಿಷದ ಆಸುಪಾಸಿನಲ್ಲಿ ಮೊದಲೇ ಸಿಗುತ್ತದೆ, ಹತ್ತು ಎಚ್ಚರಿಕೆಗಳಲ್ಲಿ ಸುಮಾರು ಏಳು ಹುಸಿಯಾಗುತ್ತವೆ. ತಿರುಗುವ ಮೋಡಗಳಲ್ಲಿ ಬಹುಪಾಲು ಸುಂಟರಗಾಳಿಯನ್ನು ಇಳಿಸುವುದೇ ಇಲ್ಲ. ಆ ಕೆಲವೇ ನಿಮಿಷಗಳನ್ನು ಒಂದು ಗಂಟೆಯತ್ತ ಹಿಗ್ಗಿಸಲು, ರೇಡಾರಿನ ಹೊಸ ಅಳತೆಗಳನ್ನು ಗಂಟೆಯೊಳಗೆ ಹಲವು ಬಾರಿ ಗಣಕ ಮಾದರಿಗಳಿಗೆ ಉಣಿಸಿ, ಒಂದೊಂದು ಬಿರುಗಾಳಿಗೂ ಹತ್ತಾರು ಸಂಭವನೀಯ ದಾರಿಗಳನ್ನು ಒಟ್ಟಿಗೇ ಲೆಕ್ಕ ಹಾಕುವ ಕೆಲಸ ಈಗ ನಡೆಯುತ್ತಿದೆ.